ದರಗಿನ ಜ್ವರಕ್ಕೆ ಮಂಗನ ಹೆಸರು

ಮಳೆ ಬಿಟ್ಟು, ಗದ್ದೆ ಕೊಯ್ಲು ಮುಗಿದು, ಚಳಿ ಬಿದ್ದ ಮೇಲೆ ಕೊಪ್ಪ–ಶೃಂಗೇರಿ ಕಡೆಯ ಹಳ್ಳಿಗಳಲ್ಲಿ ಬೆಳಿಗ್ಗೆ ಕಿವಿಗೆ ಬೀಳುವುದು ದರಗು ಗುಡಿಸುವ ಸದ್ದು. ಮನೆ ಹಿಂದಿನ ಸೊಪ್ಪಿನಬೆಟ್ಟದಲ್ಲಿ ಹೆಂಗಸರು ಬೆನ್ನು ಬಗ್ಗಿಸಿ ಒಣಎಲೆ ರಾಶಿ ಮಾಡುತ್ತಾರೆ, ಎರಡೂ ತೋಳಿನಲ್ಲಿ ಬಾಚಿ ಎದೆಗೆ ಅವುಚಿಕೊಂಡು ಹಗ್ಗದ ಬಲೆಗೆ ತುಂಬುತ್ತಾರೆ. ಹೊರೆ ಕೊಟ್ಟಿಗೆಗೆ ಬಂದು ದನದ ಕಾಲಡಿ ಹಾಸಾಗುತ್ತದೆ, ಗೊಬ್ಬರದ ಗುಂಡಿ ಸೇರುತ್ತದೆ, ಕೊನೆಗೆ ಅಡಿಕೆ ಮರದ ಬುಡಕ್ಕೆ ಬೀಳುತ್ತದೆ. ಆ ಎಲೆಯ ನಡುವೆ ಉಣುಗಿನ ಮರಿಗಳಿರುತ್ತವೆ. ರಾಗಿ ಕಾಳಿಗಿಂತ ದೊಡ್ಡವಲ್ಲ. ಕಂಕುಳಲ್ಲೋ ಸೊಂಟದ ನೆರಿಗೆಯಲ್ಲೋ ಕಚ್ಚಿಕೊಂಡರೆ ಸಂಜೆ ಸ್ನಾನದ ಹೊತ್ತಿಗೆ ತುರಿಕೆಯಾಗಿ ಗೊತ್ತಾದರೆ ಗೊತ್ತಾಯಿತು, ಇಲ್ಲದಿದ್ದರೆ ಇಲ್ಲ.

ವಾರ ಬಿಟ್ಟು ಅದೇ ಹೆಂಗಸು ಜ್ವರ, ತಲೆನೋವು, ಕಣ್ಣು ಕೆಂಪು ಎಂದು ಆಸ್ಪತ್ರೆಗೆ ಹೋದರೆ ಕೇಳುವ ಮೊದಲ ಪ್ರಶ್ನೆ, "ಕಾಡಿಗೆ ಹೋಗಿದ್ರಾ?" ಅವಳು "ಇಲ್ಲ ಡಾಕ್ಟ್ರೇ, ಕಾಡಿಗೆಲ್ಲ ನಾವು ಹೋಗೋದಿಲ್ಲ" ಎನ್ನುತ್ತಾಳೆ. ಸುಳ್ಳು ಹೇಳುತ್ತಿಲ್ಲ. ಅವಳ ಮಟ್ಟಿಗೆ ಕಾಡು ಎಂದರೆ ಕುದುರೆಮುಖದ ಕಡೆಯದು, ಗಾರ್ಡು ಗೇಟು ಇರುವಂಥದು. ಮನೆ ಹಿಂದಿನದು ಬೆಟ್ಟ. "ಸತ್ತ ಮಂಗ ಏನಾದ್ರೂ ಕಂಡಿತ್ತಾ?" ಅದೂ ಇಲ್ಲ. ಎರಡೂ ಪ್ರಶ್ನೆಗೆ ನಿಜವಾದ ಉತ್ತರವೇ ಬಂತು, ಆದರೆ ಮಂಗನ ಕಾಯಿಲೆ ತಪ್ಪಿಸಿಕೊಂಡಿತು. ನನ್ನ ತಕರಾರು ಡಾಕ್ಟರ ಮೇಲಲ್ಲ. ಅವರ ಬಾಯಲ್ಲಿ ಈ ಎರಡು ಪ್ರಶ್ನೆ ಇಟ್ಟ ಕಥೆಯ ಮೇಲೆ.

ಆ ಕಥೆ ನಿಮಗೆ ಬಾಯಿಪಾಠವಾಗಿರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನ ಜ್ವರದಿಂದ ಮಲಗಿದರು, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ ಹಿಡಿದರು. ಮನುಷ್ಯ ಕಾಡು ಕಡಿದ, ಕಾಡಿನೊಳಗೆ ತೆಪ್ಪಗಿದ್ದ ರೋಗ ಹೊರಬಂತು. ಕೋವಿಡ್ ಆದ ಮೇಲಂತೂ ಇದು ವೇದವಾಕ್ಯ. ನಿಫಾ, ಎಬೋಲಾ, ಮಂಗನ ಕಾಯಿಲೆ ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿ, ಪ್ರಕೃತಿ ಮುನಿದಿದೆ ಎಂದು ಮುಗಿಸಿದರೆ ಲೇಖನ ತಯಾರು. ಅಂಥ ಲೇಖನ ನಾನೂ ಬರೆದಿದ್ದೇನೆ, ಶಾಲೆಯ ವೇದಿಕೆಯಲ್ಲಿ ಅದನ್ನೇ ಹೇಳಿ ಚಪ್ಪಾಳೆ ತೆಗೆದುಕೊಂಡಿದ್ದೇನೆ. ಈ ಕಥೆ ಕಟ್ಟಿದವರಲ್ಲಿ ಪಶ್ಚಿಮ ಘಟ್ಟಕ್ಕಾಗಿ ಜೀವ ತೇದವರಿದ್ದಾರೆ, ಅವರ ಮೇಲೆ ನನಗೆ ಗೌರವವಿದೆ. ಆದರೂ ಹೇಳಬೇಕು: ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಎಂಬ ನಮ್ಮ ಮೂರು ತಾಲ್ಲೂಕಿನ ಮಟ್ಟಿಗೆ ಈ ಕಥೆ ಅರ್ಧ ಸತ್ಯ, ಮತ್ತು ಬಿಟ್ಟುಹೋದ ಅರ್ಧದಲ್ಲೇ ಜನ ಸಾಯುತ್ತಿರುವುದು.

ಮೊದಲು ಮೂಲಕ್ಕೆ ಹೋಗೋಣ. ಕಾಡುನಾಶದ ವಾದ ಮಾಡುವವರೆಲ್ಲ ಆಧಾರಕ್ಕೆ ಹಿಡಿಯುವುದು ಹೋರ್ಹೆ ಬೊಶೆಲ್ 1969ರಲ್ಲಿ ಪ್ರಕಟಿಸಿದ ಪ್ರಬಂಧವನ್ನು. ಬೊಶೆಲ್ ಕೊಲಂಬಿಯಾದವರು. ಅಲ್ಲಿ ಹಳದಿ ಜ್ವರದ ಬೆನ್ನು ಹತ್ತಿದ್ದಾಗ, ಮರ ಕೆಡವುವವರ ಸುತ್ತ ಮರದ ನೆತ್ತಿಯ ನೀಲಿ ಸೊಳ್ಳೆಗಳು ಬಂದು ಮುತ್ತುವುದನ್ನು ಕಂಡವರು. ಯಾರು ಯಾವ ಕೆಲಸ ಮಾಡುವಾಗ ಕಚ್ಚಿಸಿಕೊಳ್ಳುತ್ತಾರೆ ಎಂದು ನೋಡುವ ಕಣ್ಣು ಅವರಿಗಿತ್ತು. ಸೊರಬ, ಸಾಗರದಲ್ಲಿ ಅವರು ಕಂಡದ್ದು ಬರೀ ಕಡಿದ ಕಾಡನ್ನಲ್ಲ. ಊರಿನ ಜನ ಹೆಚ್ಚಿ, ಗದ್ದೆ ಹೆಚ್ಚಿ, ದನ ಹೆಚ್ಚಿ, ಆ ದನ ಕಾಡಿನಂಚಿನಲ್ಲಿ ಮೇಯುವುದು ಹೆಚ್ಚಿದ್ದನ್ನು, ಅಂಚಿನಲ್ಲಿ ಲಂಟಾನ ಪೊದೆ ಹಬ್ಬಿದ್ದನ್ನು. ದೊಡ್ಡ ಉಣುಗು ಮಳೆಗಾಲದಲ್ಲಿ ದನದ ಮೈಯಲ್ಲಿ ಹೊಟ್ಟೆ ತುಂಬಿಸಿಕೊಂಡು ನೆಲಕ್ಕೆ ಬಿದ್ದು ರಾಶಿ ಮೊಟ್ಟೆಯಿಡುತ್ತದೆ. ಮಳೆ ಕಳೆದ ಮೇಲೆ ಮರಿಗಳು ಇಲಿ, ಹೆಗ್ಗಣ, ನೆಲದ ಹಕ್ಕಿ, ಮಂಗನನ್ನು ಹತ್ತುತ್ತವೆ. ಆ ರಕ್ತದಲ್ಲಿ ವೈರಸ್ ಇದ್ದರೆ ಮರಿ ಬೆಳೆದು ಮುಂದಿನ ಹಂತಕ್ಕೆ ಬಂದರೂ ಅದು ಮೈಯಲ್ಲೇ ಉಳಿಯುತ್ತದೆ. ಡಿಸೆಂಬರಿನಿಂದ ಮೇ ತನಕ ನಮ್ಮನ್ನು ಕಚ್ಚುವುದು ಆ ಎರಡನೇ ಹಂತದ ಮರಿ. ದನ ಉಣುಗನ್ನು ಸಾಕುತ್ತದೆಯೇ ಹೊರತು ವೈರಸ್ಸನ್ನು ದಾಟಿಸುವುದಿಲ್ಲ. ಅಂದರೆ ಬೊಶೆಲ್ ಬರೆದದ್ದು ಅಂಚಿನ ಕಥೆ, ಕಾಡು ಮತ್ತು ಕೊಟ್ಟಿಗೆ ಒಂದಕ್ಕೊಂದು ತಾಗುವ ಜಾಗದ ಕಥೆ. ನಾವು ಅದರಿಂದ ದನ ತೆಗೆದೆವು, ಕೊಟ್ಟಿಗೆ ತೆಗೆದೆವು, ಕೊಡಲಿಯೊಂದನ್ನು ಇಟ್ಟುಕೊಂಡೆವು.

ಈ ಕೊಡಲಿ ಕಥೆಗೆ ಕಾಲವೂ ಕೂಡಿಬರುವುದಿಲ್ಲ. ಲಿಂಗನಮಕ್ಕಿ ಹಿನ್ನೀರು ಕಾಡು ಮುಳುಗಿಸಿದ್ದರಿಂದ ಮಂಗನ ಕಾಯಿಲೆ ಬಂತು ಎನ್ನುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ, ರೋಗ ಗೊತ್ತಾದದ್ದು ಅದಕ್ಕೆ ಏಳು ವರ್ಷ ಮೊದಲು, ಅದೂ ಸೊರಬದಲ್ಲಿ. ಮುಳುಗಿದ ಕಾಡೇ ಕಾರಣವಾಗಿದ್ದರೆ ಭದ್ರಾ ಹಿನ್ನೀರಿನ ದಂಡೆಯ ಎನ್.ಆರ್.ಪುರದಲ್ಲಿ ಅರವತ್ತರ ದಶಕದಲ್ಲೇ ರೋಗ ಕುಣಿಯಬೇಕಿತ್ತು. ಆಗ ಇಲ್ಲಿ ಹೆದರಿಕೆ ಇದ್ದದ್ದು ಬೇರೆ ಜ್ವರಗಳದು.

ಹಾಗಾದರೆ ಬೆಳ್ತಂಗಡಿ? ನನ್ನ ವಾದಕ್ಕೆ ಇರುವ ಗಟ್ಟಿ ಎದುರುತ್ತರ ಅದು, ನುಣುಚಿಕೊಳ್ಳಲು ಹೋಗುವುದಿಲ್ಲ. 1982–83ರಲ್ಲಿ ನಿಡ್ಲೆ ಸುತ್ತಮುತ್ತ ಗೇರು ತೋಪು ಹಾಕಲು ಕಾಡು ಬೋಳಿಸಿದರು, ಮಂಗ ಸತ್ತವು, ಜನ ಸಾಲಾಗಿ ಜ್ವರ ಬಿದ್ದರು. ಮಾರ್ಕ್ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞ 1987ರಲ್ಲಿ ಇದನ್ನು ಅಭಿವೃದ್ಧಿ ತಂದ ರೋಗ ಎಂದು ಕರೆದ. ಒಪ್ಪಿದೆ. ಆದರೆ ನಿಡ್ಲೆಯಲ್ಲಿ ನಡೆದದ್ದನ್ನು ಶೃಂಗೇರಿಗೆ, ಕೊಪ್ಪಕ್ಕೆ ಹಾಗೇ ಹೊತ್ತು ತರುವುದು ಸೋಮಾರಿತನ. ಇಲ್ಲಿ ಯಾರೂ ಹೊಸದಾಗಿ ಕಾಡಿಗೆ ನುಗ್ಗಿಲ್ಲ. ಅಡಿಕೆ ತೋಟ, ಅದರ ಮೇಲೆ ಸೊಪ್ಪಿನಬೆಟ್ಟ, ಅದರಾಚೆ ಕಾನು, ಕೆಳಗೆ ಗದ್ದೆ, ನಡುವೆ ಮನೆ ಕೊಟ್ಟಿಗೆ: ಈ ಹೆಣಿಗೆ ತಲೆಮಾರುಗಳ ಹಳೆಯದು. ಶಿವಮೊಗ್ಗ ಜಿಲ್ಲೆಯಲ್ಲಿ ಬ್ರಿಟನ್ನಿನವರು ನಮ್ಮ ಸಂಸ್ಥೆಗಳ ಜೊತೆ ಸೇರಿ ಮಾಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಅಪಾಯದ ಜಾಗ ಎಂದು ತೋರಿಸಿದ್ದು ಇದೇ ಹೆಣಿಗೆಯನ್ನು. ನಿತ್ಯಹರಿದ್ವರ್ಣ ಕಾಡೂ ತೋಟವೂ ಕಲಸಿಕೊಂಡು, ನಾಟಿ ದನ ಹೆಚ್ಚಿರುವ ಕಡೆ ರೋಗ ಹೆಚ್ಚು. ಬೋಳು ಗುಡ್ಡದಲ್ಲಿ ಅಲ್ಲ.

ಜಗತ್ತಿನ ಬೇರೆ ಕಡೆಯಿಂದ ಎರಡು ಉದಾಹರಣೆ ಸಾಕು. ಅಮೆರಿಕದ ಕನೆಕ್ಟಿಕಟ್‌ನಲ್ಲಿ 1975ರಲ್ಲಿ ಕಂಡ ಲೈಮ್ ಕಾಯಿಲೆಯೂ ಉಣುಗಿನದೇ. ಅದು ಹೆಚ್ಚಿದ್ದು ಕಾಡು ಕಡಿದಾಗಲಲ್ಲ. ಬಿಟ್ಟುಹೋದ ಹೊಲಗಳಲ್ಲಿ ಕಾಡು ಮತ್ತೆ ಬೆಳೆದು, ಜಿಂಕೆ ಮರಳಿ, ಆ ಮರಗಳ ನಡುವೆ ಜನ ಮನೆ ಕಟ್ಟಿಕೊಂಡಾಗ. ಎರಡನೆಯದು ಬಾಲ್ಟಿಕ್ ದೇಶಗಳದು, ನಮ್ಮ ವೈರಸ್ಸಿನ ದಾಯಾದಿ ರೋಗದ್ದು. ಸೋವಿಯತ್ ಒಕ್ಕೂಟ ಒಡೆದ ಮೇಲೆ, 1990ರ ದಶಕದ ಆರಂಭದಲ್ಲಿ, ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳಲ್ಲಿ ಉಣುಗಿನ ಮಿದುಳುಜ್ವರ ಒಮ್ಮೆಲೇ ಏರಿತು. ಹವಾಮಾನ ಎಂದರು. ಸಾರಾ ರಾಂಡಾಲ್ಫ್ ಮತ್ತು ಜೊತೆಯವರು ಹುಡುಕಿದಾಗ ಕಂಡದ್ದು ಬೇರೆ: ಕೆಲಸ ಕಳೆದುಕೊಂಡವರು ಹಣಬೆ, ಹಣ್ಣು ಆಯ್ದು ಮಾರಲು ಕಾಡಿಗೆ ಹೋಗತೊಡಗಿದ್ದರು. ಮನುಷ್ಯ ಎಲ್ಲಿ, ಯಾವ ತಿಂಗಳು, ಯಾವ ಗರಜಿಗೆ ಕೈ ಹಾಕುತ್ತಾನೆ ಎಂಬುದು ಅಲ್ಲಿಯೂ ಲೆಕ್ಕಕ್ಕೆ ಬಂತು.

ಈ ಕಣ್ಣಿನಿಂದ ನಮ್ಮ ರೋಗದ ಪಟ್ಟಿ ನೋಡಿ. ಬೆಳ್ತಂಗಡಿಯಲ್ಲಿ ಕಾಡು ಬೋಳಿಸುವ ಕೂಲಿ. 2012ರ ಕೊನೆಗೆ ಬಂಡೀಪುರದಲ್ಲಿ ಸತ್ತ ಮಂಗನನ್ನು ಮುಟ್ಟಿದ ಅರಣ್ಯ ಇಲಾಖೆಯ ಕೆಳಹಂತದ ನೌಕರರು. 2015ರಲ್ಲಿ ಗೋವಾದ ಸತ್ತರಿ ತಾಲ್ಲೂಕಿನಲ್ಲಿ ಗೇರುಬೀಜ ಹೆಕ್ಕುವವರು. ಅದೇ ವರ್ಷ ವಯನಾಡಿನ ಕಾಡಂಚಿನ ಆದಿವಾಸಿಗಳು. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸಣ್ಣ ಹಿಡುವಳಿಯವರು. ನಾವು ಇಷ್ಟು ವರ್ಷ ಇದನ್ನು ಕಾಡುಗಳ ಪಟ್ಟಿಯಾಗಿ ಓದಿದ್ದೇವೆ. ಇದು ಕಸುಬುಗಳ ಪಟ್ಟಿ. ನಮ್ಮ ತಾಲ್ಲೂಕಿನಲ್ಲಿ ದರಗು ಗುಡಿಸುವುದು, ಸೌದೆ ತರುವುದು, ಕೊನೆ ತೆಗೆಯುವುದು, ಕಾಫಿ ಕೊಯ್ಯುವುದು ಎಲ್ಲ ಬೀಳುವುದು ಡಿಸೆಂಬರಿನಿಂದ ಮಾರ್ಚಿನೊಳಗೆ, ಮರಿ ಉಣುಗಿನ ಸುಗ್ಗಿಯಲ್ಲೇ. ಈಗ ಎಸ್ಟೇಟುಗಳಲ್ಲಿ ಆ ಕೆಲಸಕ್ಕೆ ಅಸ್ಸಾಮಿನವರು, ಬಯಲುಸೀಮೆಯವರು ಬರುತ್ತಾರೆ. ಉಣುಗು ಎಂದರೆ ದನದ್ದು ಎಂದಷ್ಟೇ ಅವರಿಗೆ ಗೊತ್ತು. ಆರೋಗ್ಯ ಇಲಾಖೆಯ ಕರಪತ್ರ ಕನ್ನಡದಲ್ಲಿರುತ್ತದೆ.

ಇನ್ನು ಮಂಗ. ಮುಸುವ, ಕೋಡಗ ಎರಡೂ ಈ ವೈರಸ್ಸಿಗೆ ನಮ್ಮ ಹಾಗೇ ಬಲಿಯಾಗುವ ಪ್ರಾಣಿಗಳು. ಸಾಯುವ ಮಂಗನ ಮೈಯಿಂದ ಉದುರಿದ ಉಣುಗುಗಳು ಆ ಜಾಗವನ್ನು ಕೆಲವು ಕಾಲ ಅಪಾಯದ್ದಾಗಿ ಮಾಡುತ್ತವೆ ಎನ್ನುವುದು ನಿಜ, ಆದ್ದರಿಂದ ಸತ್ತ ಮಂಗ ಒಳ್ಳೆಯ ಎಚ್ಚರಿಕೆ. ಆದರೆ ಎಚ್ಚರಿಕೆಯ ಗಂಟೆಯನ್ನೇ ಕಳ್ಳನೆಂದು ಕರೆದಿದ್ದೇವೆ. ಹೆಸರಿನ ಫಲ ಎರಡು. ಮಂಗ ಸಾಯದಿದ್ದರೆ ರೋಗ ಇಲ್ಲ ಎಂಬ ಸಮಾಧಾನ ಒಂದು. ತೋಟಕ್ಕೆ ಬರುವ ಮಂಗನನ್ನು ಬೋನಿನಲ್ಲಿ ಹಿಡಿದು ಜೀಪಿನಲ್ಲಿ ಒಯ್ದು ಪಕ್ಕದ ತಾಲ್ಲೂಕಿನ ಕಾಡಿಗೆ ಬಿಡುವ ನಮ್ಮ ರೂಢಿ ಇನ್ನೊಂದು. ಮಂಗನ ಜೊತೆ ಅದರ ಮೈಮೇಲಿನ ಉಣುಗೂ ಜೀಪು ಹತ್ತುತ್ತದೆ ಎಂದು ಯಾರೂ ಯೋಚಿಸುವುದಿಲ್ಲ. 2019ರಲ್ಲಿ ಹೊಸನಗರ ತಾಲ್ಲೂಕಿನಲ್ಲಿ ಮಂಕಿ ಪಾರ್ಕ್ ಮಾಡುವ ಮಾತು ಬಂತು, ಅರಳಗೋಡಿನ ಸಾವುಗಳ ವರ್ಷದಲ್ಲೇ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಹೊಸ ರೋಗ ಎನ್ನುವ ಮಾತಿನಲ್ಲೂ ನನಗೆ ಸಂಶಯವಿದೆ. 1957ರಲ್ಲಿ ಮೊದಲು ಹುಟ್ಟಿದ ಭಯ ಆಫ್ರಿಕಾದ ಹಳದಿ ಜ್ವರ ಏಷ್ಯಾಕ್ಕೆ ಬಂತೆಂದು. ಆಮೇಲೆ ಗೊತ್ತಾಯಿತು, ಇದು ರಷ್ಯಾದ ವಸಂತ–ಬೇಸಿಗೆ ಮಿದುಳುಜ್ವರದ ಬಳಗದ್ದು. ವೈರಸ್ಸಿನ ವಂಶವಾಹಿ ಓದಿ ಒಂದು ತಂಡ 2009ರಲ್ಲಿ ಇದರ ಮೂಲ 1942ರ ಸುಮಾರಿಗೆ ಎಂದರೆ, 2011ರಲ್ಲಿ ಇನ್ನೊಂದು ತಂಡ ಸೌದಿ ಅರೇಬಿಯಾದ ಸೋದರ ವೈರಸ್ಸಿನಿಂದ ಇದು ಕವಲೊಡೆದು ಸುಮಾರು 700 ವರ್ಷವಾಯಿತು ಎಂದಿತು. ಎರಡನೆಯದು ಸರಿಯಾಗಿದ್ದರೆ ಕೆಳದಿಯ ನಾಯಕರ ಆಳಿಕೆಗೂ ಮೊದಲೇ ಇದು ಎಲ್ಲೋ ಇತ್ತು. ಕಛ್, ಸೌರಾಷ್ಟ್ರದ ಜನರ ರಕ್ತದಲ್ಲಿ ಐವತ್ತರ ದಶಕದಲ್ಲೇ ಇದರ ಪ್ರತಿಕಾಯದ ಗುರುತು ಸಿಕ್ಕಿತ್ತು. ಅಲ್ಲಿ ಕ್ಯಾಸನೂರೂ ಇಲ್ಲ, ಕಾನೂ ಇಲ್ಲ.

ನನ್ನ ಊಹೆ ಹೀಗೆ, ಊಹೆ ಎಂದೇ ತೆಗೆದುಕೊಳ್ಳಿ. ಮಲೆನಾಡು ಮಲೇರಿಯಾದ ಮನೆಯಾಗಿತ್ತು. ಜ್ವರಕ್ಕೆ ಹೆದರಿ ಹೆಣ್ಣು ಕೊಡದ ಸೀಮೆ ಇದು. ವಿಶ್ವೇಶ್ವರಯ್ಯ ದಿವಾನರಾಗಿದ್ದಾಗಲೇ ಮಲೆನಾಡು ಸುಧಾರಣೆಗೆಂದು ಸರ್ಕಾರ ತಲೆ ಕೆಡಿಸಿಕೊಂಡಿತ್ತು. ಚಳಿಗಾಲ, ಬೇಸಿಗೆಯಲ್ಲಿ ಸತ್ತವರೆಲ್ಲ ಚಳಿಜ್ವರದ ಲೆಕ್ಕಕ್ಕೆ ಸೇರುತ್ತಿದ್ದರು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಯೋಜನೆ ಬಂದು, ಗೋಡೆಗೆ ಡಿಡಿಟಿ ಹೊಡೆದು ಆ ಜ್ವರ ಹಿಂದೆ ಸರಿದಾಗ, ಅದರ ಮರೆಯಲ್ಲಿದ್ದ ಇನ್ನೊಂದು ಜ್ವರ ಕಣ್ಣಿಗೆ ಬಿದ್ದಿರಬಹುದಲ್ಲವೆ? ಅದೇ ಹೊತ್ತಿಗೆ, 1952ರಲ್ಲಿ, ರಾಕ್‌ಫೆಲರ್ ನೆರವಿನಿಂದ ಪುಣೆಯ ಕೇಂದ್ರವೂ ತೆರೆದಿತ್ತು. ರೋಗ ಹುಟ್ಟುವುದು ಒಂದು ಘಟನೆ, ರೋಗ ಎಣಿಕೆಗೆ ಸಿಗುವುದು ಇನ್ನೊಂದು. ಎರಡನ್ನೂ ನಾವು ಒಂದೇ ವರ್ಷಕ್ಕೆ ಬರೆದುಬಿಟ್ಟಿದ್ದೇವೆ.

ಹರಡುವ ವಿಷಯಕ್ಕೂ ಈ ಮಾತು ಹೊಂದುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಈ ರೋಗ ದಾಟುವುದಿಲ್ಲ, ಒಬ್ಬೊಬ್ಬ ರೋಗಿಯೂ ಒಂದೊಂದು ಬೇರೆ ಕಚ್ಚುವಿಕೆ. ಆದ್ದರಿಂದ ಹರಡಿತು ಎನ್ನುವಾಗ ಏನು ಹರಡಿತು ಎಂದು ಕೇಳಬೇಕು. 2012ರ ತನಕ ಇದು ಐದು ಜಿಲ್ಲೆಗಳ ಕಾಯಿಲೆ ಎಂದಿತ್ತು: ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು. 2012ರಲ್ಲಿ ಪುಣೆಯವರು ಬೇಗ ಪತ್ತೆ ಹಚ್ಚುವ ಪಿಸಿಆರ್ ಪರೀಕ್ಷೆ ರೂಪಿಸಿದರು. ಆ ವರ್ಷದಿಂದಲೇ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗ. ಬಂಡೀಪುರದಲ್ಲಿ ಮಂಗ ಸತ್ತದ್ದು ಸುಳ್ಳಲ್ಲ, ಆದ್ದರಿಂದ ವೈರಸ್ ನಿಜಕ್ಕೂ ದೂರ ಹೋಗಿದೆ ಎಂದೇ ಇಟ್ಟುಕೊಳ್ಳಿ. ಆದರೂ ಭೂಪಟದಲ್ಲಿ ಕೆಂಪು ಚುಕ್ಕಿ ಬೀಳಲು ವೈರಸ್ ಸಾಲದು, ರಕ್ತ ತೆಗೆದು ಕಳಿಸುವವರೂ ಬೇಕು. 2024ರ ಫೆಬ್ರವರಿ ಮೊದಲ ವಾರದ ಲೆಕ್ಕದಲ್ಲಿ ರಾಜ್ಯದ 49 ಪ್ರಕರಣಗಳಲ್ಲಿ ಉತ್ತರ ಕನ್ನಡದ್ದು 34, ಶಿವಮೊಗ್ಗದ್ದು 12, ನಮ್ಮ ಚಿಕ್ಕಮಗಳೂರಿನದು ಮೂರೇ. ಆ ದಿನಗಳಲ್ಲೇ ಶೃಂಗೇರಿ ತಾಲ್ಲೂಕಿನ 79ರ ಹಿರಿಯರೊಬ್ಬರು ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ರೋಗ ತಗುಲಿದವರಲ್ಲಿ ಸಾಯುವವರು ನೂರಕ್ಕೆ ಮೂರರಿಂದ ಐದು ಎನ್ನುತ್ತದೆ ಪಠ್ಯ. ಮೂವರಲ್ಲಿ ಒಂದು ಸಾವು ಎಂದರೆ ವೈರಸ್ ಇಲ್ಲಿ ಹೆಚ್ಚು ಕ್ರೂರವಾಯಿತೆಂದು ಅರ್ಥ ಮಾಡಬೇಕಿಲ್ಲ. ಅಷ್ಟು ಸಣ್ಣ ಸಂಖ್ಯೆಯಿಂದ ಏನೂ ಸಾಬೀತಾಗದು, ನಿಜ. ಆದರೆ ಪರೀಕ್ಷೆಗೇ ಹೋಗದೆ, ಡೋಲೋ ನುಂಗಿ, ವಾರ ಮಲಗಿ ಎದ್ದವರು ಎಷ್ಟು ಮಂದಿ ಎಂಬ ಸಂಶಯವಂತೂ ನನಗೆ ಬಲವಾಗಿದೆ.

ಲಸಿಕೆಯ ಕಥೆ ಇನ್ನೂ ಬೇಸರದ್ದು, ಪ್ರಕೃತಿಯ ಮುನಿಸಿನ ಕಥೆ ಅನುಕೂಲವಾಗಿ ಮುಚ್ಚಿಟ್ಟಿರುವುದು ಇದನ್ನೇ. ಐವತ್ತರ ದಶಕದ ಕೊನೆಗೆ ರಷ್ಯಾದ ರೋಗದ ಲಸಿಕೆ ಹಾಕಿ ನೋಡಿದರು, ಕೈಗೂಡಲಿಲ್ಲ. ಆಮೇಲೆ ಕೋಳಿ ಭ್ರೂಣದ ಕೋಶದಲ್ಲಿ ಬೆಳೆಸಿ ನಿಷ್ಕ್ರಿಯಗೊಳಿಸಿದ ಲಸಿಕೆ ಬಂತು, ಹೆಬ್ಬಾಳದ ಪಶುವೈದ್ಯ ಜೈವಿಕ ಸಂಸ್ಥೆ ತಯಾರಿಸುತ್ತಿತ್ತು. 1990–92ರ ಲೆಕ್ಕದಲ್ಲಿ ಎರಡು ಡೋಸಿಗೆ ನೂರಕ್ಕೆ 93.5 ರಕ್ಷಣೆ. 2005–10ರ ಲೆಕ್ಕದಲ್ಲಿ ಅದೇ ಎರಡು ಡೋಸಿಗೆ 62.4, ಬೂಸ್ಟರ್ ಸೇರಿದರೆ 82.9. ಇಳಿಯುತ್ತಿದೆ ಎಂದು ಬಹಳ ಮೊದಲೇ ಗೊತ್ತಿತ್ತು. ಹಾಕುತ್ತಿದ್ದ ಕ್ರಮವೋ, ಪ್ರಕರಣ ಕಂಡ ಊರಿನಿಂದ ಐದು ಕಿಲೋಮೀಟರ್ ವ್ಯಾಪ್ತಿಯಲ್ಲಿ. ಎಂದರೆ ಮೊದಲು ಒಬ್ಬರು ಬೀಳಬೇಕಿತ್ತು, ಆಮೇಲೆ ಸೂಜಿ. ಒಂದು ತಿಂಗಳ ಅಂತರದಲ್ಲಿ ಎರಡು, ಮತ್ತೆ ಬೂಸ್ಟರ್, ಮತ್ತೆ ವರ್ಷವರ್ಷ. ಚುಚ್ಚಿದ ಕೈ ಎರಡು ದಿನ ಎತ್ತಲಾಗದಷ್ಟು ನೋವು. ಸುಗ್ಗಿಯಲ್ಲಿ ಎರಡು ದಿನದ ಕೂಲಿ ಬಿಟ್ಟು ಯಾರು ಬರುತ್ತಾರೆ? ಜನರಿಗೆ ಅರಿವಿಲ್ಲ ಎಂದು ಇಲಾಖೆ ಬರೆಯಿತು. 2022ರಲ್ಲಿ ಲಸಿಕೆಯ ಶಕ್ತಿ ಸಾಲದೆಂದು ಅದೂ ನಿಂತಿತು. ಹೊಸದಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈ ಹಾಕಿದೆ. ಅಲ್ಲಿಯ ತನಕ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆ: ಮೊದಲು ಡಿಎಂಪಿ, ಈಗ ಡೆಪಾ. ಬಾಟಲಿ ನಮ್ಮ ಮನೆಯ ಬಾಗಿಲ ಸಂದಿಯಲ್ಲೂ ಇದೆ. ಬೆವರಿಗೆ ಇಳಿದುಹೋಗುತ್ತದೆ, ಮತ್ತೆ ಹಚ್ಚಬೇಕು. ದರಗಿನ ಧೂಳು ಅದಕ್ಕೆ ಮೆತ್ತಿಕೊಂಡ ಮೇಲೆ ಕೆಲಸದವರು ಎರಡನೇ ಸಲ ಹಚ್ಚಿದ್ದನ್ನು ನಾನು ಕಂಡಿಲ್ಲ.

ಕರಪತ್ರದಲ್ಲಿ ಇನ್ನೂ ಒಂದು ಸಾಲಿದೆ, ಕಾಡಿನ ದರಗು ತಂದು ಕೊಟ್ಟಿಗೆಗೆ ಹಾಸಬೇಡಿ ಎಂದು. ಹಾಗಾದರೆ ಗೊಬ್ಬರ? ಹಾಸಿಗೆ ಬೇರೇನು ಹಾಕಬೇಕು, ಅದನ್ನು ಯಾರು ಕೊಡುತ್ತಾರೆ ಎಂಬ ಸಾಲು ಮಾತ್ರ ಇಲ್ಲ. ತಪ್ಪು ದರಗು ತಂದವಳದಾಯಿತು. ಹೋಲಿಕೆಗೆ ಅಡಿಕೆ ಮರವನ್ನೇ ನೋಡಿ. ಹಳದಿ ಎಲೆ ರೋಗ ಶೃಂಗೇರಿ, ಕೊಪ್ಪದ ತೋಟಗಳನ್ನು ತಿಂದಾಗ, ಈಚೆಗೆ ಎಲೆಚುಕ್ಕಿ ಬಂದಾಗ, ವಿಜ್ಞಾನಿಗಳ ತಂಡ ಬಂತು, ಪರಿಹಾರದ ಪ್ರಶ್ನೆ ವಿಧಾನಸಭೆಗೆ ಹೋಯಿತು. ಮದ್ದು ಸಿಕ್ಕಿತೆಂದು ಹೇಳುತ್ತಿಲ್ಲ. ಆದರೆ ಮರಕ್ಕೆ ರೋಗ ಬಂದರೆ ಪ್ರಕೃತಿ ಮುನಿಯಿತು ಎಂದು ಯಾವ ಬೆಳೆಗಾರನೂ ಸುಮ್ಮನಾಗಲಿಲ್ಲ. ನಾನೂ ಆಗಲಿಲ್ಲ.

ಹಾಗಾದರೆ ಕಾಡು ಕಡಿಯಬಹುದು ಎಂದು ನೀವು ಹೇಳುತ್ತಿದ್ದೀರಾ ಎಂದು ಗೆಳೆಯರು ಕೇಳುತ್ತಾರೆ. ಇಲ್ಲ. ತುಂಗೆ, ಭದ್ರೆಯ ನೀರಿಗೆ ಕಾನು ಬೇಕು, ಅದಕ್ಕೆ ಇನ್ನೊಂದು ಕಾರಣ ಬೇಕಿಲ್ಲ. ಕಾಡು ಉಳಿಸುವ ವಾದವನ್ನು ರೋಗದ ಬೆನ್ನಿಗೆ ಕಟ್ಟುವುದೇ ಅಪಾಯ. ನಾಳೆ ಯಾರಾದರೂ ಲೈಮ್ ಕಾಯಿಲೆಯ ದಾಖಲೆ ಮುಂದಿಟ್ಟು ಕಾಡು ಬೆಳೆದರೆ ಉಣುಗು ಹೆಚ್ಚುತ್ತದೆ, ಆದ್ದರಿಂದ ಮನೆ ಸುತ್ತಲಿನದನ್ನು ಬೋಳಿಸಿ ಎಂದರೆ ಏನು ಉತ್ತರ ಕೊಡುತ್ತೀರಿ?

ನಮ್ಮ ತಾಲ್ಲೂಕಿನ ಡಾಕ್ಟರುಗಳಲ್ಲಿ ಒಂದು ಕೋರಿಕೆ: ಕಾಡಿಗೆ ಹೋಗಿದ್ರಾ ಎಂದು ಕೇಳಬೇಡಿ. ದರಗಿಗೆ ಹೋಗಿದ್ರಾ, ಸೌದೆಗೆ ಹೋಗಿದ್ರಾ, ಕೊಟ್ಟಿಗೆಗೆ ಸೊಪ್ಪು ಹಾಕಿದ್ರಾ ಎಂದು ಕೇಳಿ. ಅವರು ಕೇಳದಿದ್ದರೆ, ಡಿಸೆಂಬರಿನಿಂದ ಮೇ ತಿಂಗಳೊಳಗೆ ಜ್ವರ ಬಂದವರು ನೀವಾಗಿಯೇ ಅದನ್ನು ಮೊದಲು ಹೇಳಿ, ರಕ್ತ ಪರೀಕ್ಷೆಗೆ ಕಳಿಸಿ ಎಂದು ಕೇಳಿ ಪಡೆಯಿರಿ.